ಸಾವಿನ ಮನೆಯ ನೀರು

ನನ್ನ ಮೊಮ್ಮಗ ರಫೀಕನ ನೌಕರಿ ಖಾಯಂ ಆಯಿತು!

ಇದನ್ನು ಮೊದಲು ಬರೆದುಬಿಟ್ಟೆ, ಉಳಿದದ್ದೆಲ್ಲ ಆಮೇಲೆ. ಆದೇಶ ಬಂದ ದಿನ ಬೆಳಿಗ್ಗೆಯಿಂದ ಈ ಮಾತನ್ನು ಎಷ್ಟು ಜನರಿಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಚಹಾದ ಅಂಗಡಿಯವನಿಗೆ ಹೇಳಿದೆ, ಕ್ಷೌರ ಮಾಡುವವನಿಗೆ ಅರ್ಧ ಗಡ್ಡದಲ್ಲಿ ಕೈ ಹಿಡಿದು ಹೇಳಿದೆ, ರೋಣದ ಬಸ್ಸಿಗೆ ಕಾಯುತ್ತ ಕುಳಿತಿದ್ದ ಗುರುತಿಲ್ಲದ ಒಬ್ಬ ಹೆಣ್ಣುಮಗಳಿಗೂ ಹೇಳಿದೆ.

"ಚಲೋ ಆತು ಬಿಡ್ರಿ ಅಜ್ಜಾರ. ಯಾವ ನೌಕರಿ?" ಅಂದಳು ಆಕೆ.

"ನೀರು ಬಿಡೋದು," ಅಂದೆ.

ಆಕೆಯ ಮುಖ ಸಣ್ಣದಾಯಿತು. "ನಮ್ಮ ಓಣಿಗೆ ನೀರ ಬಂದು ಭಾಳ ದಿನಾತು," ಅಂದವಳೇ ಬಸ್ ಬಂತೆಂದು ಎದ್ದು ಹೋದಳು. ಬಸ್ ಬಂದಿರಲಿಲ್ಲ.

ನನಗೆ ಬೇಸರವಾಗಲಿಲ್ಲ. ಆ ದಿನ ಯಾರು ಏನಂದರೂ ನನಗೆ ಬೇಸರವಾಗುವಂತಿರಲಿಲ್ಲ. ಒಂದೇ ಒಂದು ಕೊರತೆ ಇತ್ತು. ಆದೇಶ ಯಾರ ಹೆಸರಿಗೆ ಬಂದಿತ್ತೋ ಆ ಹುಡುಗ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಹೋಗುತ್ತೇನೆ ಅಂದಿರಲಿಲ್ಲ, ಹೋಗುವುದಿಲ್ಲ ಅಂದಿರಲಿಲ್ಲ. ಊರಿಗೆಲ್ಲ ಪೇಡೆ ಹಂಚಿದ್ದು ನಾನು, ಅವನನ್ನು ಕೇಳದೆ.

ನಾನು ದಾವಲಸಾಬ, ಗಜೇಂದ್ರಗಡದವನು. ಊರಿಗೆ ನಳದ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಪುರಸಭೆ ಕಚೇರಿಯವರು ವಾಲ್ವ್‌ಮನ್ ಅನ್ನುತ್ತಾರೆ, ಊರವರು 'ನೀರ ಬಿಡಾಂವ' ಅನ್ನುತ್ತಾರೆ, ನೀರು ಬಾರದ ದಿನ ಏನೇನು ಅನ್ನುತ್ತಾರೋ ಅದನ್ನು ಇಲ್ಲಿ ಬರೆಯಲಾಗದು. ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆ. ಇದರಲ್ಲಿ ಅಕ್ಷರ ಸರಿಯಿದ್ದರೆ ಅದು ನನ್ನ ಸೊಸೆ ಫಾತಿಮಾ ತಿದ್ದಿದ್ದು, ಮಾತು ತಪ್ಪಿದ್ದರೆ ಅದು ನನ್ನದು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಓದಲಿ ಅಂತ ಬರೆಯಲು ಕುಳಿತೆ. ಖುಷಿಯಲ್ಲಿಯೇ ಕುಳಿತೆ. ಆದರೆ ಕುಳಿತ ಮೇಲೆ ಖುಷಿಯ ಸಂಗತಿಗಳು ಮುಂದೆ ಬರುವುದಕ್ಕೆ ನಾಚುತ್ತವೆ, ಬೇರೆಯವು ತಾವೇ ನುಗ್ಗಿ ಬರುತ್ತವೆ. ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ.

ಮೊದಲು ತಿಳಿಯಬೇಕಾದದ್ದು, ನಮ್ಮದು ಗುಡ್ಡದ ಬುಡದ ಊರು. ನೀರು ಇಳಿಯಲು ತಾನೇ ಇಳಿಯುತ್ತದೆ, ಏರಲು ಮಾತ್ರ ಒಲ್ಲೆ ಅನ್ನುತ್ತದೆ. ನನ್ನ ಪಾಲಿಗೆ ಬಂದ ಓಣಿಗಳಲ್ಲಿ ಒಂದು ಉದ್ದನೆಯ ಏರು ಓಣಿ ಇತ್ತು. ಕೆಳಗಿನ ತುದಿಯಲ್ಲಿ ಅಂಗಡಿಕಾರರ ಮನೆಗಳು, ಮೇಲಿನ ತುದಿಯಲ್ಲಿ ನೇಕಾರರು, ಗೋಡೆ ಕಟ್ಟುವ ಗೌಂಡಿ ಕೆಲಸದವರು. ವಾಲ್ವಿನ ಗುಂಡಿ ಇರುವುದು ಕೆಳಗೆ. ಗುಂಡಿಯೊಳಗೆ ಕಬ್ಬಿಣದ ಉದ್ದ ಚಾವಿ ಇಳಿಸಿ ತಿರುಗಿಸಿದರೆ ನೀರು ಮೊದಲು ಕೆಳಗಿನ ಮನೆಗಳಿಗೆ ಹೋಗುತ್ತದೆ. ಅವರು ತುಂಬಿಕೊಂಡು ನಳ ಬಂದ್ ಮಾಡಿದರೆ ಮಾತ್ರ ಮೇಲಕ್ಕೆ ಏರುತ್ತದೆ. ಅವರು ಕೊಡ ಆದ ಮೇಲೆ ಬ್ಯಾರೆಲ್ ತುಂಬುತ್ತಾರೆ, ಬ್ಯಾರೆಲ್ ಆದ ಮೇಲೆ ಟಾಕಿ ತುಂಬುತ್ತಾರೆ, ಅದೂ ಆದ ಮೇಲೆ ಅಂಗಳ ತೊಳೆಯುತ್ತಾರೆ. ಅಷ್ಟರಲ್ಲಿ ಊರಿನ ದೊಡ್ಡ ಟ್ಯಾಂಕೇ ಖಾಲಿಯಾಗಿರುತ್ತದೆ.

ಮೇಲಿನವರು ನಳದ ಪೈಪನ್ನು ನೆಲಕ್ಕಿಂತ ಕೆಳಗೆ ಕತ್ತರಿಸಿ, ಮನೆಯ ಮುಂದೆ ಆಳದ ತಗ್ಗು ತೋಡಿಕೊಂಡಿದ್ದರು. ನೀರು ಏರಿ ಬರದಿದ್ದರೆ ತಾವೇ ಇಳಿಯುವುದು. ಹೆಂಗಸರು ತಗ್ಗಿನೊಳಗೆ ಕುಳಿತು ತಂಬಿಗೆಯಿಂದ ಗೋರಿ ಕೊಡ ತುಂಬುತ್ತಿದ್ದರು. ಓಣಿಯ ತಿರುವಿನಿಂದ ನೋಡಿದರೆ ಸಾಲಾಗಿ ಬರೀ ತಲೆಗಳು ಕಾಣುತ್ತಿದ್ದವು. ಆ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದವಲ್ಲ, ಅದನ್ನು ನೋಡಿಯೇ ನನ್ನ ಜೀವಮಾನ ಮುಗಿಯಿತು.

ಹೊಸದಾಗಿ ಬಂದವನಿಗೆ ಮೊದಲ ಪಾಠ ಗುಂಡಿಯ ಮುಚ್ಚಳ ತೆಗೆದ ಕೂಡಲೇ ಕೈ ಹಾಕಬಾರದು ಎಂಬುದು. ಚೇಳಿರುತ್ತದೆ, ಹಾವಿರುತ್ತದೆ, ಏನೂ ಇಲ್ಲದಿದ್ದರೆ ಕಪ್ಪೆಯಾದರೂ ಮೋರೆಗೆ ಹಾರುತ್ತದೆ. ಎರಡನೆಯದು, ಚಾವಿ ತಿರುಗಿಸಿ ಅದರ ಹಿಡಿಕೆಗೆ ಕಿವಿ ಇಡುವುದು. ನೀರು ಬಂದರೆ ಕಬ್ಬಿಣ ಗುಂಯ್ ಅನ್ನುತ್ತದೆ. ಬರೀ ಗಾಳಿ ಬಂದರೆ ಮುದುಕರು ಕೆಮ್ಮಿದ ಹಾಗೆ ಕೇಳಿಸುತ್ತದೆ. ಗಾಳಿ ಬಂದರೆ ಅಲ್ಲಿ ನಿಲ್ಲಬಾರದು. ನಳಗಳೆಲ್ಲ ಬುಸ್ ಬುಸ್ ಅನ್ನುವುದರೊಳಗೆ ಸೈಕಲ್ ಹತ್ತಬೇಕು.

ಮಜಾ ಇರಲಿಲ್ಲವೆಂದಲ್ಲ. ಊರಲ್ಲಿ ನನ್ನನ್ನು ಕರೆಯದ ಮದುವೆಯೇ ಇರಲಿಲ್ಲ. ಹೆಣ್ಣಿನ ತಂದೆ ಅಯ್ಯನವರ ಹತ್ತಿರ ಮುಹೂರ್ತ ಕೇಳಿಕೊಂಡು ನೆಟ್ಟಗೆ ನಮ್ಮ ಮನೆಗೆ ಬರುತ್ತಿದ್ದ.

"ದಾವಲಸಾಬರ, ಅಯ್ಯನಾರು ಈ ಸೋಮವಾರ ಚಲೋ ಐತಿ ಅಂತಾರ. ನೀವೇನಂತೀರಿ?"

"ಸೋಮವಾರ ನಿಮ್ಮ ಓಣಿ ಪಾಳಿ ಇಲ್ಲಲ್ರಿ. ಗುರುವಾರ ಇಟಗೋರಿ."

ಅವನು ಹೋಗಿ ಅಯ್ಯನವರ ಕೈಯಿಂದ ಗುರುವಾರವನ್ನೇ ಚಲೋ ದಿನ ಮಾಡಿಸಿಕೊಂಡು ಬರುತ್ತಿದ್ದ. ಹೀಗೆ ನಾನು ಎಷ್ಟು ಜನರ ಗ್ರಹಗತಿ ಬದಲಿಸಿದ್ದೇನೋ. ಅಯ್ಯನವರು ಒಮ್ಮೆ ದಾರಿಯಲ್ಲಿ ಸಿಕ್ಕು, "ಏನ್ರಿ ಸಾಬರ, ಪಂಚಾಂಗ ನಿಮ್ಮ ಮನ್ಯಾಗ ಇಟಗೊಂಡ್ರೇನು?" ಅಂದರು. "ನಿಮ್ಮದ ಇರಲಿ ಅಯ್ಯನಾರ, ನನಗ ಟ್ಯಾಂಕ್ ತುಂಬೂ ಮಂತ್ರ ಒಂದು ಹೇಳಿಕೊಡ್ರಿ" ಅಂದೆ. ಇಬ್ಬರೂ ನಕ್ಕೆವು. ಆ ವಾರ ಅವರ ಮನೆಗೂ ನೀರು ಹೋಗಿರಲಿಲ್ಲ.

ಸಾಹೇಬರು ಬರುತ್ತಿದ್ದರು, ಹೋಗುತ್ತಿದ್ದರು. ಬಂದವರೆಲ್ಲ ಮೊದಲು ಪಾಳಿ ಬದಲಿಸುತ್ತಿದ್ದರು. ಒಬ್ಬರು ಓಣಿಗೊಂದು ಫಲಕ ಹಾಕಿಸಿ ಯಾವ ವಾರ ಯಾವ ಹೊತ್ತಿಗೆ ನೀರು ಅಂತ ಬಣ್ಣದಲ್ಲಿ ಬರೆಸಿದರು. ಮೊದಲ ವಾರವೇ ಟ್ಯಾಂಕಿಗೆ ನೀರೆತ್ತುವ ಮೋಟಾರು ಸುಟ್ಟಿತು. ಏರು ಓಣಿಯ ಹೆಂಗಸರು ಖಾಲಿ ಕೊಡಗಳಿಗೆ ಹಗ್ಗ ಕಟ್ಟಿ ಆ ಫಲಕಕ್ಕೆ ತೂಗುಹಾಕಿದರು. ಸಾಹೇಬರು ಬಂದು ನೋಡಿ, "ಯಾರ ಇದನ್ನ ಮಾಡಿದ್ದು?" ಅಂದರು. ಒಬ್ಬ ಮುದುಕಿ, "ನೀರ ಬಂದ್ರ ಅವು ತಾವ ಇಳೀತಾವರಿ" ಅಂದಳು. ಸಾಹೇಬರಿಗೂ ನಗು ತಡೆಯಲಿಲ್ಲ. ಆದರೆ ನಗು ಮುಗಿದ ಮೇಲೂ ಕೊಡಗಳು ಅಲ್ಲಿಯೇ ಇದ್ದವು. ನಾನು ದಿನಾ ಅದರ ಕೆಳಗೇ ಹಾದುಹೋಗಬೇಕಿತ್ತು. ಗಾಳಿಗೆ ಒಂದಕ್ಕೊಂದು ಬಡಿದು ಸಪ್ಪಳ ಮಾಡುತ್ತಿದ್ದವು.

ಇಷ್ಟು ವರ್ಷದಲ್ಲಿ ಊರಿಗೆಲ್ಲ ಸಾಕು ಅನ್ನುವಷ್ಟು ನೀರು ಬಿಟ್ಟ ದಿನ ಒಂದಾದರೂ ಇತ್ತೇ ಅಂತ ಯೋಚಿಸಿದೆ. ಇರಲಿಲ್ಲ. ಇರುವುದನ್ನೇ ಒಬ್ಬರಿಂದ ತಪ್ಪಿಸಿ ಇನ್ನೊಬ್ಬರಿಗೆ ಕೊಡುವುದು ನನ್ನ ಕೆಲಸವಾಗಿತ್ತು. ಕೊಟ್ಟವರ ಮನೆಯಲ್ಲಿ ನನ್ನ ಹೆಸರು ಮರೆತುಹೋಗುತ್ತಿತ್ತು, ತಪ್ಪಿಸಿದವರ ಮನೆಯಲ್ಲಿ ಉಳಿಯುತ್ತಿತ್ತು.

ನಾನು ನಿವೃತ್ತನಾದ ಮೇಲೆ ರಫೀಕ ದಿನಗೂಲಿಯ ಮೇಲೆ ಅದೇ ಕೆಲಸಕ್ಕೆ ಸೇರಿದ. ಮೀಸೆ ಸರಿಯಾಗಿ ಮೂಡಿರಲಿಲ್ಲ. ಅವನಪ್ಪ, ನನ್ನ ಮಗ ಮೌಲಾಸಾಬ ಗೌಂಡಿ, ಕೆಲಸಕ್ಕಾಗಿ ಊರೂರು ತಿರುಗುವವನು. ಮಗನಾದರೂ ಒಂದು ಕಡೆ ನಿಲ್ಲಲಿ ಅಂತ ಅವನ ಆಸೆ. ಹುಡುಗನ ಆಸೆ ಏನಿತ್ತೋ ಯಾರೂ ಕೇಳಲಿಲ್ಲ. ಆದರೆ ಅವನು ಆ ಕೆಲಸದೊಳಗೆ ಸಲೀಸಾಗಿ ಇಳಿದ. ಬಾಯಿ ಚುರುಕು.

"ಏ ರಫೀಕ, ನೀರ ಬಿಡೂದ ಕಲತಿ, ಬಂದ್ ಮಾಡೂದ ಯಾಕ ಕಲತೆಪಾ?" ಅಂತ ತಗ್ಗಿನೊಳಗಿಂದ ಒಬ್ಬಾಕೆ ಅನ್ನುತ್ತಿದ್ದಳು.

"ಅತ್ತೀ, ನೀ ಬೈಯೂದ ಬಂದ್ ಮಾಡು, ನಾ ವಾಲು ಬಂದ್ ಮಾಡೂದಿಲ್ಲ."

"ನಿನಗ ಹೇಂತಿ ಬರಲಿ ತಡಿ. ಆಕಿ ಕೊಡಾ ಹಿಡಕೊಂಡು ನಿಂತಾಗ ಗೊತ್ತಾಗತೈತಿ."

ನಾನಿದ್ದಾಗ ಜನ ಮನೆಗೆ ಬಂದು ಬೈಯುತ್ತಿದ್ದರು. ಅವನ ಕಾಲಕ್ಕೆ ಮೊಬೈಲು ಬಂತು. ಮಿಸ್ ಕಾಲ್ ಕೊಡುವುದು ಅಂದರೆ 'ನೀರು ಯಾವಾಗ' ಅಂತ. ಬೆಳಗಾದರೆ ಅವನ ಕಿಸೆ ಕುಂಯ್‌ಗುಟ್ಟುತ್ತಲೇ ಇರುತ್ತಿತ್ತು. ನನ್ನ ಹೆಂಡತಿ ಬೀಬಿಜಾನ, "ಕಿಸೇದಾಗ ಕಣಜಿನ ಗೂಡ ಇಟಗೊಂಡೀಯೇನೋ" ಅನ್ನುತ್ತಿದ್ದಳು. ಕೆಳಗಿನ ತುದಿಯವರು ನಳಕ್ಕೆ ಸಣ್ಣ ಮೋಟಾರು ಹಚ್ಚಿ ನೀರೆಳೆಯುವುದು ಶುರುವಾದದ್ದೂ ಅವನ ಕಾಲಕ್ಕೇ. ಅದಕ್ಕೆ ಹುಡುಗ ತಾನೇ ಒಂದು ಉಪಾಯ ಹುಡುಕಿದ. ಕರೆಂಟ್ ಹೋಗುವುದನ್ನೇ ಕಾಯ್ದಿದ್ದು, ಹೋದ ಕೂಡಲೇ ವಾಲ್ವ್ ಬಿಡುತ್ತಿದ್ದ. ಮೋಟಾರುಗಳೆಲ್ಲ ಸುಮ್ಮನೆ ಕುಳಿತಿರುತ್ತಿದ್ದವು, ನೀರು ಮೇಲಿನವರೆಗೆ ಏರುತ್ತಿತ್ತು. ಊರಿಗೆ ಊರೇ ಕರೆಂಟ್ ಹೋಯಿತೆಂದು ಶಾಪ ಹಾಕುವಾಗ ಮೇಲಿನ ತುದಿಯಲ್ಲಿ ಹುಡುಗರು ಹೋ ಅಂತ ಕೂಗುತ್ತಿದ್ದರು. ಅವನು ಬಂದು ಅದನ್ನು ಹೇಳಿದಾಗ ನಾನು ಎದ್ದು ಅವನ ಬೆನ್ನು ಚಪ್ಪರಿಸಿದ್ದೆ.

ಈಗ ಸಾವಿನ ನೀರಿನ ಮಾತಿಗೆ ಬರಬೇಕು.

ನಮ್ಮಲ್ಲಿ ಒಂದು ರೂಢಿ ಇತ್ತು. ಅದನ್ನು ಯಾವ ಸಾಹೇಬರೂ ಮಾಡಿದ್ದಲ್ಲ. ಯಾವ ಓಣಿಯಲ್ಲಿ ಸಾವಾಗುತ್ತದೋ ಆ ಓಣಿಗೆ ಪಾಳಿ ಇರಲಿ ಬಿಡಲಿ, ನೀರು ಬಿಡುವುದು. ಹೆಣಕ್ಕೆ ಸ್ನಾನ ಮಾಡಿಸಬೇಕು, ಮಣ್ಣು ಕೊಟ್ಟು ಬಂದವರು ಮೈಮೇಲೆ ನೀರು ಹಾಕಿಕೊಳ್ಳಬೇಕು. ಹಿಂದೂಗಳಾದರೂ ಅಷ್ಟೇ, ನಾವಾದರೂ ಅಷ್ಟೇ. ಸಾವಿನ ಮನೆಯಿಂದ ಒಬ್ಬ ತಲೆಗೆ ಟವೆಲ್ ಹೊದ್ದು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಬಾಯಿ ತೆರೆದು ಕೇಳುತ್ತಿರಲಿಲ್ಲ. ನಾವೂ ಯಾರು, ಏನು ಅಂತ ಕೇಳದೆ ಚಾವಿ ತೆಗೆದುಕೊಂಡು ಹೊರಡಬೇಕು.

ಆದರೆ ವಾಲ್ವ್ ಬಿಟ್ಟರೆ ನೀರು ಇಡೀ ಓಣಿಗೆ ಹೋಗುತ್ತದಲ್ಲ. ಸಾವು ಮೇಲಿನ ತುದಿಯಲ್ಲಾದರೆ? ಅದಕ್ಕೇ ಈ ರೂಢಿಯ ಇನ್ನರ್ಧ ಇರುವುದು. ಆ ದಿನ ಓಣಿಯಲ್ಲಿ ಯಾರೂ ನಳ ಬಿಡುತ್ತಿರಲಿಲ್ಲ. ಎಷ್ಟೇ ಬಾಯಾರಿದ ಮನೆಯಾದರೂ ಸರಿ, ನೀರು ತಮ್ಮ ಬಾಗಿಲ ಮುಂದಿನಿಂದ ಹಾದುಹೋಗುವುದನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದರು. ಸಾವಿನ ಮನೆಯ ಹಂಡೆ ತುಂಬಿದ ಮೇಲೆಯೇ ಉಳಿದವರ ಕೊಡ. ದಿನಾ ಒಂದು ತಂಬಿಗೆ ನೀರಿಗೆ ಜಡೆ ಹಿಡಿದು ಜಗಳಾಡುವ ಓಣಿ ಅದೊಂದು ಹೊತ್ತು ಬೇರೆಯೇ ಓಣಿಯಾಗುತ್ತಿತ್ತು. ನನ್ನ ಕೆಲಸದಲ್ಲಿ ನಾನು ತಲೆಯೆತ್ತಿ ನಡೆದ ದಿನಗಳು ಅವು ಮಾತ್ರ.

ಆ ಬೇಸಿಗೆಯಲ್ಲಿ ಮೇಲಿನ ತುದಿಗೆ ಬಹಳ ದಿನ ನೀರೇ ಏರಿರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿಯ ಒಬ್ಬ ಹುಡುಗ ತಲೆಗೆ ಟವೆಲ್ ಹೊದ್ದು ನಮ್ಮ ಬಾಗಿಲಿಗೆ ಬಂದ. ರಫೀಕ ಕೇಳಬಾರದಾಗಿತ್ತು, ಆದರೂ ಹೊಸಬನಲ್ಲವೇ, "ಯಾರಪಾ?" ಅಂದ.

"ನಮ್ಮಾಯಿ ಗಂಗವ್ವ," ಅಂದ ಹುಡುಗ ನೆಲ ನೋಡುತ್ತ.

ಗಂಗವ್ವ ಅಂದರೆ ಮೇಲಿನ ತುದಿಯ ಹಿರಿಯ ಮುದುಕಿ. ರಫೀಕನನ್ನು ಕಂಡರೆ ಬೈದು, ಬೈದ ಮೇಲೆ ಸೆರಗಿನ ಗಂಟಿನಿಂದ ಬೆಲ್ಲ ಕೊಡುವಾಕೆ. ರಫೀಕನ ಕಣ್ಣು ತುಂಬಿತು. ಓಡಿ ಹೋಗಿ ವಾಲ್ವ್ ಬಿಟ್ಟ. ಕೆಳಗಿನವರಿಗೆಲ್ಲ ಹೇಳಿ ನಳ ಬಂದ್ ಮಾಡಿಸಿದ. ಸಂತೆಬಜಾರದಲ್ಲಿ ಒಂದು ಹೂವಿನ ಮಾಲೆ ತೆಗೆದುಕೊಂಡು ಏರು ಹತ್ತಿದ. ಮೇಲೆ ಹೋಗಿ ನೋಡಿದರೆ ನಳದ ತಗ್ಗಿನೊಳಗಿನಿಂದ ಒಂದು ಬಿಳಿ ತಲೆ ಮೇಲೆದ್ದಿತು.

"ಯಾರ ಸತ್ತಾರೋ ರಫೀಕ, ಮಾಲಿ ತಂದೀ?" ಅಂದಳು ಗಂಗವ್ವ.

"ನೀನ ಆಯೀ..."

"ನಾನ? ಯಾವಾಗ?"

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುದುಕಿ ಮೊಮ್ಮಗನನ್ನು ಚಪ್ಪಲಿ ಹಿಡಿದು ಅಟ್ಟಿಸಿಕೊಂಡು ಹೋಗಿ, ತಿರುಗಿ ಬಂದು, "ತಂದೀ ಅಂದಮ್ಯಾಲ ಆ ಮಾಲಿ ಇತ್ತ ಕೊಡು, ಗುಡಿ ಮಲ್ಲಯ್ಯಗ ಹಾಕತೇನಿ. ನೀರ ಬಂದ್ ಮಾಡಬ್ಯಾಡ ಮತ್ತ, ಇನ್ನೊಂದೆರಡ ಕೊಡಾ ಅದಾವು" ಅಂದಳಂತೆ. ರಫೀಕ ಮನೆಗೆ ಬಂದು ಅದನ್ನು ಅಭಿನಯಿಸಿ ತೋರಿಸಿದಾಗ ನಾವು ಉಣ್ಣುವುದನ್ನು ಬಿಟ್ಟು ನಕ್ಕೆವು. ವಾರಗಟ್ಟಲೆ ಬಜಾರದಲ್ಲಿ ಅವನ ಹೆಸರೇ 'ಸತ್ತವರನ್ನ ಎಬ್ಬಿಸಾಂವ' ಅಂತ ಆಯಿತು.

ಕೆಳಗಿನ ತುದಿಯವರು ಮಾತ್ರ ನಗಲಿಲ್ಲ. ಅವರು ಸಾವೆಂದು ನಂಬಿ ನಳ ಬಂದ್ ಮಾಡಿ ಕುಳಿತವರು. ಅವರ ಸಿಟ್ಟು ತಪ್ಪೆಂದು ಹೇಳಲಾರೆ. ಮೇಲಿನವರ ಸುಳ್ಳು ತಪ್ಪೆಂದು ಹೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ನೀರಿಗಾಗಿ ಮನೆಯ ಮುದುಕಿಯನ್ನು ಸಾಯಿಸುವ ಕಾಲ ಬಂದಿತ್ತಲ್ಲ, ಅದನ್ನು ಯಾರ ತಲೆಗೆ ಕಟ್ಟುವುದು?

ಅದೇ ಬೇಸಿಗೆ ಮುಗಿಯುವ ಮುಂಚೆ ಮೇಲಿನ ತುದಿಯ ನೇಕಾರ ವೀರಪ್ಪನ ಹೆಂಡತಿ ಶಾಂತವ್ವ ಜ್ವರದಲ್ಲಿ ತೀರಿಕೊಂಡಳು. ಇನ್ನೂ ಕಪ್ಪು ಕೂದಲಿನಾಕೆ. ವೀರಪ್ಪ ತಾನೇ ಬಂದ. ಬಿಸಿಲು ನೆತ್ತಿಗೇರಿತ್ತು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ತಲೆಯ ಮೇಲೆ ಟವೆಲ್ ಹಾಕಿಕೊಂಡು ನಿಂತ. ನಾನೂ ಕೇಳಲಿಲ್ಲ, ರಫೀಕನೂ ಕೇಳಲಿಲ್ಲ. ಆದರೆ ವೀರಪ್ಪ ತಾನೇ ಬಾಯಿ ತೆರೆದ.

"ಖರೇನರಿ ದಾವಲಸಾಬರ. ಖರೇನ ಹೋಗ್ಯಾಳ," ಅಂದ.

ಹೆಂಡತಿ ಸತ್ತದ್ದು ಖರೆ ಅಂತ ಒಬ್ಬ ಮನುಷ್ಯ ಬಾಗಿಲಿಗೆ ಬಂದು ಸಾಕ್ಷಿ ಹೇಳಬೇಕಾಯಿತು. ಆ ಮಾತು ಕೇಳಿದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಾನೂ ರಫೀಕನ ಹಿಂದೆ ಹೋದೆ.

ವಾಲ್ವ್ ಬಿಟ್ಟೆವು. ಚಾವಿ ಗುಂಯ್ ಅಂದಿತು. ರಫೀಕ ಕೆಳಗಿನ ತುದಿಯಲ್ಲಿ ಬಾಗಿಲು ಬಾಗಿಲಿಗೆ ಹೋಗಿ, "ಸಾವಾಗೈತ್ರಿ, ನಳ ಬಂದ್ ಮಾಡ್ರಿ" ಅಂದ.

"ಈ ಸಲ ಯಾರ್ನ ಸಾಯಿಸ್ಯಾರಪಾ?" ಅಂದ ಒಬ್ಬ, ನಳದ ಕೆಳಗಿನ ಕೊಡ ಎತ್ತದೆಯೇ.

"ವೀರಪ್ಪ ಕಾಕಾನ ಹೇಂತಿರಿ. ಖರೇ ಐತ್ರಿ."

"ಗಂಗವ್ವನೂ ಖರೇ ಇದ್ಲು. ಮಾಲಿ ಒಯ್ಯಬ್ಯಾಡ, ಈ ಸಲ ಬಾಡತೈತಿ."

ಮುಂದಿನ ಮನೆಯಲ್ಲಿ ಮೋಟಾರಿನ ಸಪ್ಪಳ. ಅದರ ಮುಂದಿನ ಮನೆಯಾಕೆ ಅವನನ್ನು ನೋಡಿ ಬಾಗಿಲು ಮುಂದೆ ಮಾಡಿಕೊಂಡಳು. ಅವರು ಕೆಟ್ಟವರಲ್ಲ. ನನ್ನ ಮನೆಯ ಹಬ್ಬದೂಟಕ್ಕೆ ಬಂದವರು, ನಾನು ಅವರ ಮಕ್ಕಳ ಮದುವೆಯಲ್ಲಿ ಉಂಡವನು. ನಾನೂ ಹೋಗಿ ಕೈ ಮುಗಿದೆ. "ಅಜ್ಜಾರ, ನಿಮ್ಮ ವಯಸ್ಸಿಗೆ ಈ ನಾಟಕ ಒಪ್ಪೂದಿಲ್ಲರಿ" ಅಂದರು. ಇಷ್ಟು ವರ್ಷ ನೀರು ಬಿಟ್ಟ ಊರು ನನಗೆ ಕೊಟ್ಟದ್ದು ಆ ಮಾತು.

ಅಷ್ಟರಲ್ಲಿ ಮೇಲಿನಿಂದ ಗಂಗವ್ವ ಕೋಲೂರಿಕೊಂಡು ಇಳಿದು ಬಂದಳು. ಅಷ್ಟು ದೂರ ಆಕೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಓಣಿಯ ನಡುವೆ ನಿಂತು, "ನಾ ಸತ್ತೇನಂತ ಸುಳ್ಳ ಹೇಳಿದ್ರ ನೀರ ಬಂತು. ಆ ಹುಡಿಗಿ ಖರೇ ಸತ್ತಾಳ, ಒಂದ ತಂಬಿಗಿ ನೀರಿಲ್ಲ. ಇದೇನ ನ್ಯಾಯರೋ ಯಪ್ಪಾ" ಅಂದಳು. ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸತ್ತಿದ್ದಾಳೆಂದು ಹೇಳಿಸಿಕೊಂಡ ಮುದುಕಿಯೇ ಸಾಕ್ಷಿಗೆ ಬಂದರೆ ನಂಬುವವರಾರು?

ಆಗ ರಫೀಕ ನನ್ನನ್ನು ಕೇಳದೆ ಗುಂಡಿಯ ಹತ್ತಿರ ಹೋದ. ಚಾವಿ ಇಳಿಸಿದ. ವಾಲ್ವ್ ಪೂರ್ತಿ ಬಂದ್ ಮಾಡಿದ.

ನೀರು ನಿಂತದ್ದೇ ಬಾಗಿಲುಗಳೆಲ್ಲ ತೆರೆದವು. ಅಲ್ಲಿಯವರೆಗೆ ಕಾಣದ ಗಂಡಸರು, ಹೆಂಗಸರು ಎಲ್ಲ ಗುಂಡಿಯ ಸುತ್ತ ಬಂದರು. ಒಬ್ಬ ಅವನ ಕೊರಳಪಟ್ಟಿ ಹಿಡಿದ. ನಾನು ನಡುವೆ ಹೋದೆ, ನನ್ನನ್ನು ಬದಿಗೆ ಸರಿಸಿದರು. ಹುಡುಗ ಚಾವಿಯನ್ನು ಹೆಗಲ ಮೇಲೆ ಹೊತ್ತುಕೊಂಡು, "ನಾ ಮ್ಯಾಲ ಹೊಂಟೇನಿ. ಚಾವಿ ಬೇಕಾದವರು ನನ್ನ ಹಿಂದ ಬರ್ರಿ. ಸುಳ್ಳ ಇದ್ರ ಇದರಿಂದನ ಹೊಡೀರಿ" ಅಂದ. ಅಂದವನೇ ಏರು ಹತ್ತತೊಡಗಿದ.

ಬೈಯುತ್ತ ಬೈಯುತ್ತ ಓಣಿಗೆ ಓಣಿಯೇ ಅವನ ಹಿಂದೆ ಏರು ಹತ್ತಿತು. ಅವರಲ್ಲಿ ಕೆಲವರು ಎಷ್ಟೋ ವರ್ಷದಿಂದ ಆ ತುದಿಗೆ ಬಂದಿರಲಿಲ್ಲ. ವೀರಪ್ಪನ ಮನೆಯ ಮುಂದೆ ಹಲಗೆಯ ಮೇಲೆ ಶಾಂತವ್ವ. ಸ್ನಾನ ಮಾಡಿಸದೆ ವಿಭೂತಿ ಹಚ್ಚುವಂತಿಲ್ಲ, ಗೋಡೆಗಾನಿಸಿ ಕೂರಿಸುವಂತಿಲ್ಲ. ಬಿಸಿಲಿಗೆ ಒಂದು ಸೀರೆ ಅಡ್ಡ ಕಟ್ಟಿದ್ದರು. ಪಕ್ಕದಲ್ಲಿ ಬರಿದಾದ ಹಂಡೆ. ನಳದ ತಗ್ಗಿನೊಳಗೆ ವೀರಪ್ಪನ ಚಿಕ್ಕ ಮಗಳು ತಂಬಿಗೆ ಹಿಡಿದು ಇನ್ನೂ ಕಾಯುತ್ತ ಕುಳಿತಿದ್ದಳು.

ಬೈಗುಳ ನಿಂತುಬಿಟ್ಟಿತು. ಕೊರಳಪಟ್ಟಿ ಹಿಡಿದಿದ್ದವನು ಚಪ್ಪಲಿ ಬಿಟ್ಟ. ಬಾಗಿಲು ಮುಂದೆ ಮಾಡಿಕೊಂಡಿದ್ದಾಕೆ ಸೆರಗು ಬಾಯಿಗಿಟ್ಟುಕೊಂಡು ತಿರುಗಿ ಓಡಿದಳು, ತುಂಬಿದ ಕೊಡ ಹೊತ್ತು ಬಂದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಗಂಡಸರೂ ಹೊತ್ತರು. ನೀರು ಪೈಪಿನಲ್ಲಿ ಏರಲಿಲ್ಲ, ಜನರ ಹೆಗಲ ಮೇಲೆ ಏರಿತು. ಶಾಂತವ್ವನ ಸ್ನಾನವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಓದಿದವರಿಗೆ ಸಮಾಧಾನವಾದೀತು. ಆದರೆ ನಡೆದದ್ದು ಇಷ್ಟೇ ಅಲ್ಲ. ವಾರದೊಳಗೆ ಕಚೇರಿಗೆ ಅರ್ಜಿ ಹೋಯಿತು. ನೀರು ಬಿಡುವ ಹೊತ್ತಿನಲ್ಲಿ ವಾಲ್ವ್ ಬಂದ್ ಮಾಡಿ ಜನರಿಗೆ ತೊಂದರೆ ಕೊಟ್ಟ, ಚಾವಿ ತೋರಿಸಿ ಹೆದರಿಸಿದ ಅಂತ. ಸಹಿ ಮಾಡಿದವರಲ್ಲಿ ಆ ದಿನ ಕೊಡ ಹೊತ್ತವರೂ ಇದ್ದರು. ನಾನು ಸಾಹೇಬರ ಮುಂದೆ ಹೋಗಿ ನಿಂತೆ.

"ಅಜ್ಜಾರ, ನನಗೂ ಎಲ್ಲಾ ಗೊತ್ತೈತಿ," ಅಂದರು ಅವರು. "ಹುಡುಗ ಮಾಡಿದ್ದು ತಪ್ಪಂತ ನನ್ನ ಮನಸ್ಸೂ ಹೇಳೂದಿಲ್ಲ. ಆದ್ರ ನಾಳೆ ಸಿಟ್ಟು ಬಂದಾಗೆಲ್ಲ ಒಬ್ಬೊಬ್ಬ ವಾಲು ಬಂದ್ ಮಾಡಿದ್ರ ಊರ ಹ್ಯಾಂಗ ನಡೀಬೇಕು? ಸ್ವಲ್ಪ ದಿನ ಮನ್ಯಾಗ ಇರಲಿ."

ಸ್ವಲ್ಪ ದಿನ ಅನ್ನುವುದು ಹೇಗೆ ಬೆಳೆಯುತ್ತದೆಂದು ಕಚೇರಿ ಕಂಡವರಿಗೆ ಗೊತ್ತು. ಹುಡುಗ ಮನೆಯಲ್ಲಿ ಕೂತ. ನಗು ಹೋಯಿತು, ಮಾತು ಹೋಯಿತು. ಕಿಸೆಯ ಮೊಬೈಲು ಸುಮ್ಮನಾಯಿತು. ಬೀಬಿಜಾನ ಅವನನ್ನು ನಗಿಸಲಿಕ್ಕೆ ಗಂಗವ್ವನ ಕಥೆ ತೆಗೆದಳು. ಅವನು ಎದ್ದು ಹೊರಗೆ ಹೋದ. ಆಮೇಲೆ ನರಗುಂದದಲ್ಲಿ ಒಂದು ಗ್ಯಾರೇಜಿಗೆ ಸೇರಿಕೊಂಡ. ನಾನೊಮ್ಮೆ ನೋಡಲು ಹೋಗಿದ್ದೆ. ಟ್ರ್ಯಾಕ್ಟರಿನ ಕೆಳಗಿಂದ ಎಣ್ಣೆ ಮುಖದಲ್ಲಿ ಹೊರಬಂದು, "ಇಲ್ಲಿ ಚಲೋ ಐತಿ ಅಜ್ಜಾ. ಟ್ರ್ಯಾಕ್ಟರ್ ಬೈಯೂದಿಲ್ಲ" ಅಂದ. ನಕ್ಕು ಅಂದಿದ್ದರೆ ನಾನೂ ನಗುತ್ತಿದ್ದೆ.

ಅವನ ಜಾಗಕ್ಕೆ ಹುಡುಗರು ಬಂದರು, ಹೋದರು. ಒಬ್ಬನಂತೂ ಚಾವಿಯನ್ನು ಗುಂಡಿಯಲ್ಲೇ ಬಿಟ್ಟು ಊರಿಗೆ ಹೋಗಿಬಿಟ್ಟ. ಸಾವಿನ ನೀರು ನಿಂತೇಹೋಯಿತು. ಈಗ ಯಾರಾದರೂ ಸತ್ತರೆ ಟ್ಯಾಂಕರಿನವನಿಗೆ ಫೋನ್ ಹೋಗುತ್ತದೆ. ಟ್ಯಾಂಕರು ಹಾರ್ನ್ ಹೊಡೆಯುತ್ತ ಬಂದು ನಿಲ್ಲುತ್ತದೆ, ಕೆಳಗಿನ ಮನೆಗಳಲ್ಲಿ ಮೋಟಾರು ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ತಲೆಗೆ ಟವೆಲ್ ಹೊದ್ದವರು ನಮ್ಮ ಬಾಗಿಲಿಗೆ ಬರುವುದಿಲ್ಲ. ಹೆಗಲ ಮೇಲೆ ಏರಿ ಬಂದ ಕೊಡಗಳು ಅವತ್ತು ಒಂದು ದಿನ ಬಂದವು, ಅಷ್ಟೇ. ಒಮ್ಮೆ ಹೋದ ನಂಬಿಕೆಯನ್ನು ಯಾವ ಚಾವಿಯಿಂದ ತಿರುಗಿಸಿ ತರುವುದೆಂದು ನನಗೆ ಯಾವ ಸಾಹೇಬರೂ ಹೇಳಿಕೊಟ್ಟಿಲ್ಲ.

ಹೊಸ ಸಾಹೇಬರು ಬಂದಾಗ ಹಳೆಯ ದಿನಗೂಲಿಯವರನ್ನು ಖಾಯಂ ಮಾಡುವ ಮಾತು ನಡೆಯಿತು. ನಾನು ದಿನಾ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂತೆ. ಕೊನೆಗೆ ರಫೀಕನ ಹೆಸರೂ ಬಂತು. ಅವನು ಮಾಡಿದ್ದು ಸರಿಯೆಂದು ಯಾರೂ ಹೇಳಲಿಲ್ಲ. "ಬ್ಯಾರೆ ಯಾರೂ ನಿಲ್ಲವಲ್ಲರು, ಅಂವ ನಿಲ್ಲತಾನ" ಅಂದರು. ಇರಲಿ! ಹೇಗೆ ಬಂದರೂ ಖಾಯಂ ಖಾಯಮ್ಮೇ. ನಾನು ಮನೆಯವರೆಗೆ ಓಡುವವನಂತೆ ನಡೆದೆ. ನನ್ನ ಮೊಣಕಾಲಿಗೆ ಆ ದಿನ ನೋವೇ ಇರಲಿಲ್ಲ.

ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ ಅವನನ್ನು ನರಗುಂದದಿಂದ ಕರೆಸಿದ್ದು ಬೀಬಿಜಾನಳ ಉಪಾಯ. ಮಧ್ಯಾಹ್ನದ ಬಸ್ಸಿಗೆ ಗಾಬರಿಯಿಂದ ಬಂದವನು ಅಜ್ಜಿ ಗಟ್ಟಿಮುಟ್ಟಾಗಿ ಮಸಾಲೆ ಅರೆಯುವುದನ್ನು ನೋಡಿ ಬಾಗಿಲಲ್ಲೇ ನಿಂತ. ಆದೇಶ ಕೈಗೆ ಕೊಟ್ಟೆ. ಓದಿದ. ಮಡಿಸಿ ಕಿಸೆಗಿಟ್ಟುಕೊಂಡ. ಹಿತ್ತಲಿಗೆ ಹೋಗಿ ಮುಖ ತೊಳೆದ. ನಾನು ಬಜಾರಕ್ಕೆ ಹೋಗಿ ಇನ್ನಷ್ಟು ಜನರಿಗೆ ಹೇಳಿ ಬಂದೆ.

ಸಂಜೆ ಎಲ್ಲರೂ ಒಟ್ಟಿಗೆ ಕೂತೆವು. ಮೌಲಾಸಾಬ ಕೆಲಸ ಬಿಟ್ಟು ಬಂದಿದ್ದ. ಬಿಸಿ ರೊಟ್ಟಿ, ಕುರಿ ಮಾಂಸದ ಸಾರು, ಅನ್ನ, ಶ್ಯಾವಿಗೆಯ ಪಾಯಸ. ಮನೆ ತುಂಬ ಒಗ್ಗರಣೆಯ ವಾಸನೆ. ನಾನೊಬ್ಬನೇ ಮಾತಾಡುತ್ತಿದ್ದೆ. ಬೀಬಿಜಾನ, "ನೀವ ಸ್ವಲ್ಪ ಸುಮ್ಮನ ಕೂಡ್ರಿ, ಅಂವ ಏನಂತಾನ ಕೇಳೂಣು" ಅಂದಳು.

ರಫೀಕ ತಾಟು ನೋಡುತ್ತಲೇ, "ಅಜ್ಜಾ, ಯಾರರೆ ಟವೆಲ್ ಹೊತಗೊಂಡು ಬಂದ್ರ ಏನ ಮಾಡ್ಲಿ?" ಅಂದ.

"ವಾಲು ಬಿಡು," ಅಂದೆ.

"ಸುಳ್ಳ ಇದ್ರ?"

"ಸುಳ್ಳಿದ್ರೂ ಬಿಡು. ಕೇಳಬ್ಯಾಡ."

"ತೆಳಗಿನವರು ನಳ ಬಂದ್ ಮಾಡಲಿಲ್ಲಂದ್ರ?"

ನನ್ನ ಕೈಯಲ್ಲಿ ರೊಟ್ಟಿಯ ತುಂಡಿತ್ತು. ಇಷ್ಟು ವರ್ಷ ಆ ಕೆಲಸ ಮಾಡಿದವನು, ಊರಿಗೆಲ್ಲ ಪೇಡೆ ಹಂಚಿದವನು. ಆ ತುಂಡನ್ನು ಸಾರಿನಲ್ಲಿ ಅದ್ದಿದೆ, ಮತ್ತೆ ಅದ್ದಿದೆ. ಮೌಲಾಸಾಬ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಸೊಸೆ ಸಾರಿನ ಸೌಟು ಹಿಡಿದು ಹಾಗೇ ನಿಂತಿದ್ದಳು. ಹೋಗುವುದಿಲ್ಲ ಅಂತಾನೆ, ಅಂದುಕೊಂಡೆ. ಅಂದರೆ ತಪ್ಪೇನೂ ಇಲ್ಲ ಅಂತಲೂ ಅನ್ನಿಸಿತು.

ಅವನು ನನ್ನ ಉತ್ತರಕ್ಕಾಗಿ ಬಹಳ ಹೊತ್ತು ಕಾಯಲಿಲ್ಲ. ತಾಟನ್ನು ತಾಯಿಯ ಕಡೆ ಸರಿಸಿದ.

"ಅವ್ವಾ, ಸಾರ ಹಾಕು," ಅಂದ. "ಮುಂಜಾನಿ ಲಗೂ ಎಬ್ಬಸು. ಏರು ಓಣಿ ಪಾಳಿ ಐತಂತ."

ಫಾತಿಮಾ ಸಾರು ಹಾಕಿದಳು, ತುಂಬಿ ಹೊರಚೆಲ್ಲುವ ಹಾಗೆ. ಬೀಬಿಜಾನ ರೊಟ್ಟಿಯ ಬುಟ್ಟಿಯನ್ನು ಅವನ ಮುಂದೆ ತಳ್ಳಿದಳು. ನಾನು ಕೈಯಲ್ಲಿದ್ದ ತುಂಡನ್ನು ಬಾಯಿಗಿಟ್ಟುಕೊಂಡೆ. ಎಲ್ಲರೂ ಹೊಟ್ಟೆ ತುಂಬ ಉಂಡೆವು.